ಕಂಬದ ಬಲವೆಲ್ಲ ಕುಣಿಯಲ್ಲಿ

ತೋಟಕ್ಕೆ ಬೇಲಿ ಹಾಕಿಸುವಾಗ ತಂತಿ ಎಷ್ಟು ಗೇಜಿನದು, ಕಲ್ಲುಕಂಬ ಒಂದಕ್ಕೆ ಎಷ್ಟು ಎಂದು ಹತ್ತು ಕಡೆ ವಿಚಾರಿಸುತ್ತೇವೆ. ಕುಣಿ ತೆಗೆಯುವುದನ್ನು ಮಾತ್ರ ಗುತ್ತಿಗೆಗೆ ಬಿಟ್ಟು ಮನೆಗೆ ಬರುತ್ತೇವೆ. ಎರಡು ಮಳೆಗಾಲ ಕಳೆಯುವುದರೊಳಗೆ ವಾಲುವ ಬೇಲಿಗಳನ್ನು ಕಿತ್ತು ನೋಡಿ. ತಪ್ಪು ಸಾಮಾನ್ಯವಾಗಿ ತಂತಿಯಲ್ಲಿರುವುದಿಲ್ಲ, ನೆಲದೊಳಗಿನ ಆ ಎರಡು ಅಡಿಯಲ್ಲಿರುತ್ತದೆ. ಕುಣಿ ತೆಗೆಯುವ ದಿನ ಹೊಲದ ಯಜಮಾನ ಅಲ್ಲೇ ನಿಂತಿರಬೇಕು.

ವಿಜಯನಗರ ಜಿಲ್ಲೆಯ ನಮ್ಮ ತಾಲ್ಲೂಕುಗಳಿಗೆ ಒಂದೇ ಅಳತೆ ಹೇಳಲು ಬರುವುದಿಲ್ಲ. ಕೂಡ್ಲಿಗಿ ಕಡೆ ಹೆಚ್ಚಾಗಿ ಮಸಾರಿ. ಹಡಗಲಿಯ ತುಂಗಭದ್ರೆ ಬದಿಗೆ ಎರೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆ ಎರಡೂ ಇವೆ. ಆದ್ದರಿಂದ ಮೊದಲು ಒಂದೆರಡು ಕಡೆ ಮೂರು ಅಡಿ ಅಗೆದು, ಕೆಳಗೆ ಏನಿದೆ ಎಂದು ನೋಡಿಕೊಳ್ಳಿ. ಅದಕ್ಕೂ ಮುಂಚೆ ಗಡಿಯ ಮಾತು: ಬಾಂದುಕಲ್ಲು ಕಾಣದಿದ್ದರೆ, ಪಕ್ಕದ ಹೊಲದವರ ಜೊತೆ ತಕರಾರಿದ್ದರೆ, ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿಕೊಳ್ಳಿ. ನೆಟ್ಟ ಕಂಬವನ್ನು ಕಿತ್ತು ಸರಿಸುವ ಖರ್ಚು ಹೊಸದಾಗಿ ನೆಡುವುದಕ್ಕಿಂತ ಕಡಿಮೆಯೇನಲ್ಲ.

ಮಸಾರಿಯಲ್ಲಿ

ಏಳು ಅಡಿಯ ಕಲ್ಲುಕಂಬವಾದರೆ ಎರಡರಿಂದ ಎರಡೂವರೆ ಅಡಿ ನೆಲದೊಳಗೆ ಹೋಗಬೇಕು. ಉದ್ದದ ಮೂರನೇ ಒಂದು ಭಾಗ ಎಂದು ನೆನಪಿಟ್ಟುಕೊಂಡರೆ ಸಾಕು. ಎರಡು ಮೂಲೆಗಳ ನಡುವೆ ದಾರ ಕಟ್ಟಿ, ಎಂಟರಿಂದ ಹತ್ತು ಅಡಿಗೊಂದರಂತೆ ಸುಣ್ಣದ ಗುರುತು ಹಾಕಿ. ಕುಣಿಯ ಅಗಲ ಒಂದು ಅಡಿ ಮೀರದಿರಲಿ. ಕೈ ಆಡಿಸಲು ಅನುಕೂಲವೆಂದು ಬಾಯಿ ಅಗಲ ಮಾಡಿ ತಳ ಕಿರಿದು ಮಾಡುವವರೇ ಹೆಚ್ಚು. ಅದು ತಿರುವುಮುರುವಾಗಬೇಕು, ತಳವೇ ತುಸು ಅಗಲವಿರಬೇಕು. ಬೇಸಿಗೆಯಲ್ಲಿ ಮಸಾರಿ ನೆಲ ಹಾರೆಗೂ ಬಗ್ಗುವುದಿಲ್ಲ. ಮೊದಲ ಒಂದೆರಡು ಮಳೆಯ ನಂತರ ಅಗೆದರೆ ಅರ್ಧ ಶ್ರಮ.

ತಳಕ್ಕೆ ನಾಲ್ಕು ಇಂಚು ಜಲ್ಲಿ ಅಥವಾ ಗರಸು ಹಾಕಿ ಗಟ್ಟಿ ಮಾಡಿ, ಅದರ ಮೇಲೆ ಕಂಬ ಇಳಿಸಿ. ತೂಕದ ಗುಂಡು ಹಿಡಿದು ಎರಡು ಮಗ್ಗುಲಿನಿಂದಲೂ ನೋಡಬೇಕು. ಒಂದೇ ಕಡೆಯಿಂದ ನೋಡಿದ ಕಂಬ ಇನ್ನೊಂದು ಕಡೆಗೆ ವಾಲಿರುತ್ತದೆ.

ಇನ್ನು ಮುಖ್ಯವಾದ ಕೆಲಸ. ಎಮ್ಮೆ ಬಂದು ಕಂಬಕ್ಕೆ ಮೈ ಉಜ್ಜಿತು ಎನ್ನಿ. ಕಂಬ ಪೂರ್ತಿ ಒಂದೇ ಕಡೆಗೆ ಸರಿಯುವುದಿಲ್ಲ, ನೆಲದೊಳಗೆ ಒಂದು ಬಿಂದುವಿನ ಮೇಲೆ ತಿರುಗುತ್ತದೆ. ನೆಲಮಟ್ಟದಲ್ಲಿ ಅದು ಆಚೆ ಬದಿಯ ಮಣ್ಣನ್ನು ಒತ್ತಿದರೆ, ತಳದಲ್ಲಿ ಈಚೆ ಬದಿಯ ಮಣ್ಣನ್ನು ಒತ್ತುತ್ತದೆ. ಹಾಗಾಗಿ ತಳದಲ್ಲೊಮ್ಮೆ, ಬಾಯಿಯ ಹತ್ತಿರ ಇನ್ನೊಮ್ಮೆ, ಸುತ್ತಲೂ ಮುಷ್ಟಿಗಾತ್ರದ ಕಲ್ಲುಗಳನ್ನು ಹಾರೆಯ ಹಿಂಬದಿಯಿಂದ ಬಡಿದು ಬಿಗಿಮಾಡಬೇಕು. ನಡುವೆ ಅರ್ಧ ಅಡಿಗೊಮ್ಮೆ ಗರಸು ಬೆರೆತ ಮಣ್ಣು ತುಂಬಿ, ತುಸು ನೀರು ಚಿಮುಕಿಸಿ, ಹಾರೆ ಪುಟಿಯುವ ತನಕ ಕುಟ್ಟಬೇಕು. ಮಣ್ಣನ್ನೆಲ್ಲ ಒಮ್ಮೆಗೇ ತಳ್ಳಿ ಮೇಲೆ ಕಾಲಲ್ಲಿ ತುಳಿದ ಕುಣಿ ಒಳಗೆ ಪೊಳ್ಳಾಗಿಯೇ ಉಳಿಯುತ್ತದೆ. ಹೀಗೆ ಕುಟ್ಟಿದ ಕಲ್ಲುಕಂಬಕ್ಕೆ ಮಸಾರಿಯಲ್ಲಿ ಸಿಮೆಂಟ್ ಬೇಕಿಲ್ಲ. ಆ ಹಣವನ್ನು ಮೂಲೆಗಳಿಗೆ ಉಳಿಸಿಕೊಳ್ಳಿ.

ಎರೆಯಲ್ಲಿ

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಗೆ ಕಂಬದ ಸುತ್ತ ಸಂದು ಬಿಡುತ್ತದೆ. ಮೊದಲ ಮಳೆ ಆ ಸಂದಿಯಲ್ಲೇ ಇಳಿದು ತಳವನ್ನು ಕೆಸರು ಮಾಡುತ್ತದೆ. ಇಲ್ಲಿ ಕುಣಿ ಮೂರು ಅಡಿ ಆಳ, ಒಂದೂವರೆ ಅಡಿ ಅಗಲ ಬೇಕು, ಕಂಬವೂ ಎಂಟು ಅಡಿಯದಿರಬೇಕು. ತೆಗೆದ ಕರಿಮಣ್ಣನ್ನು ಮತ್ತೆ ಕುಣಿಗೆ ಹಾಕಲೇಬಾರದು. ಒಂದು ಟ್ರ್ಯಾಕ್ಟರ್ ಗರಸು ತರಿಸಿ ಅದನ್ನೇ ತುಂಬಿ ಕುಟ್ಟಿ. ಕಾಂಕ್ರೀಟ್ ಹಾಕುವುದಾದರೆ ತಳ ಅಗಲವಿರಲಿ. ನುಣುಪಾದ ನೇರ ಕಾಂಕ್ರೀಟನ್ನು ಉಬ್ಬುವ ಎರೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪವೇ ಮೇಲಕ್ಕೆತ್ತಬಲ್ಲದು. ಬುಡದಲ್ಲಿ ಮೂರು ನಾಲ್ಕು ಇಂಚು ದಿಬ್ಬ ಮಾಡಿ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಿ. ಹಡಗಲಿ ಮಲ್ಲಿಗೆಯ ತೋಟಗಳಲ್ಲಿ ಹಾಯಿನೀರಿನ ಕಾಲುವೆಯನ್ನು ಬೇಲಿಗೆ ತಾಗಿಸಿ ತೆಗೆಯುವುದುಂಟು. ಕಂಬದಿಂದ ಮೂರು ಅಡಿಯಾದರೂ ದೂರವಿಡಿ. ಕೆಲಸಕ್ಕೆ ಒಳ್ಳೆಯ ಕಾಲ ಹಿಂಗಾರು ಮುಗಿದು ಮಣ್ಣು ಹದವಾಗಿರುವ ನವೆಂಬರ್–ಡಿಸೆಂಬರ್.

ಮೂಲೆ ಮತ್ತು ಗೇಟು

ನಡುವಿನ ಕಂಬಗಳು ತಂತಿಯನ್ನು ಎತ್ತಿ ಹಿಡಿದರೆ ಸಾಕು, ಎಳೆತವನ್ನೆಲ್ಲ ತಡೆಯುವವು ಮೂಲೆಯ ಕಂಬಗಳು. ಅವು ದಪ್ಪನಾಗಿರಲಿ, ಮೂರು ಅಡಿ ಆಳಕ್ಕೆ ಹೋಗಲಿ, ಸಿಮೆಂಟ್, ಮರಳು, ಜಲ್ಲಿ 1:3:6ರ ಕಾಂಕ್ರೀಟ್ ಇರಲಿ. ಪ್ರತಿ ಮೂಲೆಗೂ ಎರಡು ಆನಿಕೆ ಕಲ್ಲು ಬೇಕು. ಅವನ್ನು ಹೊರಗಡೆಯಿಂದ ಕೊಟ್ಟರೆ ಉಪಯೋಗವಿಲ್ಲ. ತಂತಿ ಎಳೆಯುವ ದಿಕ್ಕಿನಲ್ಲೇ, ಬೇಲಿಯ ಸಾಲಿನೊಳಗೇ, ಓರೆಯಾಗಿ ನಿಲ್ಲಿಸಿ, ಪ್ರತಿಯೊಂದರ ಕಾಲಡಿಗೆ ನೆಲದಲ್ಲಿ ಒಂದು ಚಪ್ಪಟೆ ಕಲ್ಲು ಹೂತಿಡಬೇಕು. ಉದ್ದನೆಯ ಸಾಲಿನಲ್ಲಿ ನೂರು, ನೂರೈವತ್ತು ಅಡಿಗೊಂದು ಕಂಬಕ್ಕೆ ಎರಡೂ ಕಡೆ ಆನಿಕೆ ಕೊಡಿ. ಗೇಟಿನ ಭಾರಕ್ಕೆ ಕಂಬಗಳು ಒಂದರ ಕಡೆಗೊಂದು ವಾಲದಂತೆ, ನೆಲಮಟ್ಟದ ಕೆಳಗೆ ಎರಡರ ನಡುವೆ ಉದ್ದನೆಯ ಹೊಸ್ತಿಲುಕಲ್ಲು ಕೂರಿಸಬಹುದು. ಟ್ರ್ಯಾಕ್ಟರ್ ಹೋಗಲು ಹನ್ನೆರಡು ಅಡಿ ಬಿಡಿ.

ಕಾಂಕ್ರೀಟಿಗೆ ಏಳು ದಿನ ನೀರುಣಿಸಿದ ಮೇಲೆಯೇ ತಂತಿ ಬಿಗಿಯಬೇಕು. ಮರದ ಕಂಬವಾದರೆ ಬುಡಕ್ಕೆ, ನೆಲದಿಂದ ಅರ್ಧ ಅಡಿ ಮೇಲಿನವರೆಗೂ ಡಾಂಬರು ಬಳಿಯಿರಿ. ಅದರ ಸುತ್ತ ಕಾಂಕ್ರೀಟ್ ಬೇಡ, ತೇವ ನಿಂತು ಬುಡ ಕೊಳೆಯುತ್ತದೆ. ಕಬ್ಬಿಣದ ಆ್ಯಂಗಲ್ ತುಕ್ಕು ಹಿಡಿಯುವುದು ನೆಲಮಟ್ಟದಲ್ಲಿ. ಕಾಂಕ್ರೀಟನ್ನು ಅಲ್ಲಿಂದ ಎರಡು ಇಂಚು ಮೇಲಕ್ಕೆ ತಂದು ಇಳಿಜಾರು ಮಾಡಿ. ಬೇಲಿಗೆ ಹಸಿರು ನೆರಳುಬಲೆ ಕಟ್ಟುವವರು ಕಂಬದ ಅಂತರವನ್ನು ಆರು ಅಡಿಗೆ ಇಳಿಸಿ, ಆಷಾಢದ ಗಾಳಿ ಪೂರ್ತಿ ಬಲೆಯ ಮೇಲೆ ಬೀಳುತ್ತದೆ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಸುತ್ತ ಕರಡಿ, ಹಂದಿಗಳ ಕಾಟವಿದೆ ಎಂದು ಬೇಲಿಗೆ ನೇರ ಕರೆಂಟು ಕೊಡುವುದು ಅಪರಾಧ, ಮನುಷ್ಯರೂ ಸತ್ತಾರು. ಅಲ್ಲಿ ಸೌರಬೇಲಿಯೇ ಸರಿ. ಅದರ ತಂತಿಗಳಲ್ಲಿ ಎಳೆತ ಕಡಿಮೆ, ಕಂಬ ಹಗುರವಾದರೂ ನಡೆಯುತ್ತದೆ. ಮೂಲೆಗಳ ಲೆಕ್ಕ ಮಾತ್ರ ಅದೇ.

ಮೊದಲ ದೊಡ್ಡ ಮಳೆಯಾದ ವಾರದೊಳಗೆ ಸಾಲಿನುದ್ದಕ್ಕೂ ನಡೆದು ಒಂದೊಂದೇ ಕಂಬ ಅಲ್ಲಾಡಿಸಿ ನೋಡಿ. ಬುಡ ಕುಸಿದಲ್ಲಿ ಗರಸು ಹಾಕಿ ಮತ್ತೊಮ್ಮೆ ಕುಟ್ಟಿ. ಎರೆ ಹೊಲದಲ್ಲಿ ಏಪ್ರಿಲ್‌ನಲ್ಲೂ ಒಂದು ಸುತ್ತು ಹೋಗಿ, ಬಿರುಕಿಗೆ ಮರಳು ಬೆರೆಸಿದ ಗರಸು ತುಂಬಿಸಿಡಿ.