ಹೊಳೆ ದಾಟುವ ಜೀಪಿನ ವಯರಿಂಗ್ ಹೇಗಿರಬೇಕು?

ಘಟ್ಟದ ಬುಡದ ನಮ್ಮಂಥ ಊರುಗಳಲ್ಲಿ ತೋಟ ಹೊಳೆಯ ಆಚೆ, ಡಾಮರು ರಸ್ತೆ ಈಚೆ. ಸೇತುವೆಗೆ ಅರ್ಜಿ ಕೊಟ್ಟವರ ಮಕ್ಕಳು ಈಗ ಅರ್ಜಿ ಕೊಡುತ್ತಿದ್ದಾರೆ. ಜನ ದಾಟಲು ಅಡಿಕೆ ಮರದ ಸಂಕ ಉಂಟು. ಆದರೆ ಗೊಬ್ಬರದ ಗೋಣಿ, ಅಡಿಕೆ ಮೂಟೆ, ಹಾಲಿನ ಕ್ಯಾನು, ಕಾಯಿಲೆಯವರು – ಇವಕ್ಕೆಲ್ಲ ಜೀಪೇ ಗತಿ. ಜೂನ್‌ನಿಂದ ಅಕ್ಟೋಬರ್ ತನಕ ನನ್ನ ಜೀಪು ದಿನಕ್ಕೆ ಎರಡು ಸಲವಾದರೂ ನೀರಿಗೆ ಇಳಿಯುತ್ತದೆ. ಹೀಗೆ ಇಪ್ಪತ್ತು ಚಿಲ್ಲರೆ ಮಳೆಗಾಲ ಕಳೆದಿದೆ.

ಜೀಪು ಹೊಳೆಯ ನಡುವೆ ನಿಂತರೆ ನಾವು ಮೊದಲು ಬೈಯುವುದು ಎಂಜಿನನ್ನು. ಹೆಚ್ಚಿನ ಸಲ ಅದರದ್ದೇನೂ ತಪ್ಪಿರುವುದಿಲ್ಲ, ತಪ್ಪು ವಯರಿನದ್ದು. ಗ್ಯಾರೇಜಿಗೆ ಹೋಗಿ ‘ವಾಟರ್‌ಪ್ರೂಫ್ ಮಾಡಿಕೊಡಿ’ ಎಂದರೆ ಸಿಲಿಕೋನ್ ಟ್ಯೂಬು ತಂದು ಕಂಡಕಂಡಲ್ಲಿ ಮೆತ್ತಿ ಕೊಡುವವರೇ ಜಾಸ್ತಿ. ಇದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಯಾಕೆಂದು ತಿಳಿಯಲು ಒಂದು ಸಣ್ಣ ಪ್ರಯೋಗ ಸಾಕು. ಒಂದು ಚೊಂಬನ್ನು ಬೆಂಕಿಗೆ ಹಿಡಿದು ಚೆನ್ನಾಗಿ ಬಿಸಿ ಮಾಡಿ, ನೀರಿರುವ ತಟ್ಟೆಯಲ್ಲಿ ಬೋರಲು ಇಡಿ. ಚೊಂಬು ತಣಿಯುತ್ತಾ ಬಂದಂತೆ ತಟ್ಟೆಯ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗಿನ ಬಿಸಿ ಗಾಳಿ ಕುಗ್ಗುವುದರಿಂದ ಹೀಗೆ.

ಹತ್ತು ಮೈಲಿ ಓಡಿ ಬಿಸಿಯಾದ ಜೀಪು ಹೊಳೆಯ ತಣ್ಣೀರಿಗೆ ಇಳಿದಾಗ ಆಗುವುದೂ ಇದೇ. ಹೆಡ್‌ಲೈಟು, ಡಿಸ್ಟ್ರಿಬ್ಯೂಟರು, ಆಕ್ಸಿಲಿನ ಕೊಪ್ಪರಿಗೆ – ಒಳಗೆ ಟೊಳ್ಳಿರುವ ಪ್ರತಿಯೊಂದೂ ಒಂದೊಂದು ಬಿಸಿ ಚೊಂಬು. ಹೊರಗಿನಿಂದ ಎಷ್ಟು ಮೆತ್ತಿದರೂ ಕೂದಲೆಳೆಯಷ್ಟು ಸಂದು ಉಳಿದರೆ ಸಾಕು, ನೀರು ಒಳಗೆ. ಮೆತ್ತಿದ ಕಾರಣಕ್ಕೆ ಒಳಗೆ ಹೋದದ್ದು ಹೊರಗೆ ಬರುವುದೂ ಇಲ್ಲ.

ಹಾಗಾದರೆ ಮಾಡುವುದೇನು? ಸಣ್ಣ ಜಾಯಿಂಟುಗಳಲ್ಲಿ ಗಾಳಿಗೇ ಜಾಗ ಇಲ್ಲದಂತೆ ಗ್ರೀಸು ತುಂಬುವುದು. ದೊಡ್ಡ ಟೊಳ್ಳಿಗೆ ನೀರಿನ ಮಟ್ಟಕ್ಕಿಂತ ಮೇಲೆ ಉಸಿರಾಡಲು ಒಂದು ಪೈಪು ಕೊಡುವುದು. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. 1944ರ ಜೂನ್‌ನಲ್ಲಿ ನಾರ್ಮಂಡಿಯ ಸಮುದ್ರ ದಡಕ್ಕೆ ಇಳಿಸಿದ ಜೀಪುಗಳಿಗೆ ಗ್ರೀಸಿನಂಥ ಅಂಟು ಮೆತ್ತಿಯೇ ದಾಟಿಸಿದ್ದರು. ಅದು ಒಂದೆರಡು ದಾಟುವಿಕೆಗೆ ಸಾಕಾಗುವ ಕೆಲಸ. ಆಮೇಲೆ 1950ರ ಹೊತ್ತಿಗೆ ವಿಲ್ಲಿಸ್ ಕಂಪೆನಿಯೇ ಸೈನ್ಯಕ್ಕೆಂದು ಮಾಡಿದ ಎಂ-38 ಜೀಪಿನಲ್ಲಿ ಮೆತ್ತುವ ಗೊಡವೆ ಇಲ್ಲ. 24 ವೋಲ್ಟಿನ ವಯರಿಂಗ್, ಮುಚ್ಚಿದ ಡಿಸ್ಟ್ರಿಬ್ಯೂಟರು, ಅದಕ್ಕೆ ಮೇಲಿನಿಂದ ಗಾಳಿಯ ಪೈಪು. ನಮ್ಮ ಹಳೆ ಮಹೀಂದ್ರ ಜೀಪುಗಳೂ ವಿಲ್ಲಿಸ್ ವಂಶದವೇ ಆದ್ದರಿಂದ ಆ ಪಾಠ ನಮಗೂ ಸಲ್ಲುತ್ತದೆ.

ಇನ್ನು ನಿಮ್ಮದು ಯಾವ ಎಂಜಿನು ಎಂಬುದು ಮುಖ್ಯ. ಹಳೆಯ ಡೀಸೆಲ್ ಜೀಪಿಗೆ ಕಿಡಿ ಬೇಡ. ಒಮ್ಮೆ ಸ್ಟಾರ್ಟ್ ಆದ ಮೇಲೆ, ಎಳೆದು ನಿಲ್ಲಿಸುವ ಕೇಬಲ್ ಇರುವ ಮಾದರಿಯಾದರೆ, ಬ್ಯಾಟರಿ ಕಳಚಿಟ್ಟರೂ ಓಡುತ್ತಿರುತ್ತದೆ. ಕೀಲಿ ತಿರುಗಿಸಿ ನಿಲ್ಲಿಸುವ ಮಾದರಿಯಲ್ಲಿ ಪಂಪಿನ ಮೇಲೆ ಒಂದು ಸೊಲೆನಾಯ್ಡ್ ಇರುತ್ತದೆ. ಅದಕ್ಕೆ ಹೋಗುವ ಒಂದೇ ಒಂದು ವಯರು ಕಳಚಿದರೆ ಎಂಜಿನ್ ಬಂದ್. ಆ ವಯರಿನ ತುದಿಯನ್ನು ಎಷ್ಟು ಮಂದಿ ನೋಡಿದ್ದೀರಿ?

ಪೆಟ್ರೋಲ್ ಜೀಪಿನ ಕತೆ ಬೇರೆ. ಕಾಯಿಲಿನಿಂದ ಪ್ಲಗ್ಗಿಗೆ ಹೋಗುವುದು ಸಾವಿರಗಟ್ಟಲೆ ವೋಲ್ಟು. ಅಷ್ಟು ಒತ್ತಡದ ಕರೆಂಟಿಗೆ ಒದ್ದೆ ರಬ್ಬರಿನ ಮೇಲಿನ ತೆಳು ನೀರೇ ದಾರಿ. ಡಿಸ್ಟ್ರಿಬ್ಯೂಟರಿನ (ಗ್ಯಾರೇಜಿನವರ ಬಾಯಲ್ಲಿ ‘ಡೆಲ್ಕೊ’) ಕ್ಯಾಪನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಒಳಗೆ ಪೆನ್ಸಿಲಿನಿಂದ ಗೀಚಿದಂತೆ ಕಪ್ಪು ಗೆರೆ ಕಂಡರೆ ಅದು ಕರೆಂಟು ಕಳ್ಳದಾರಿ ಹಿಡಿದ ಗುರುತು. ಉಜ್ಜಿ ಹಾಕಬೇಡಿ, ಹೊಸ ಕ್ಯಾಪ್ ತನ್ನಿ. ಪ್ಲಗ್ಗಿನ ರಬ್ಬರ್ ಟೋಪಿಗೂ ಕಾಯಿಲಿನ ಮೂತಿಗೂ ಸಿಲಿಕೋನ್ ಗ್ರೀಸು ಸವರಿ. ವ್ಯಾಸಲೀನ್ ಬ್ಯಾಟರಿ ಟರ್ಮಿನಲ್ಲಿಗೆ ಒಳ್ಳೆಯದು, ಆದರೆ ರಬ್ಬರಿಗೆ ಬೇಡ. ಕೆಲವು ಜಾತಿಯ ರಬ್ಬರು ಅದರಿಂದ ಉಬ್ಬಿ ಸಡಿಲಾಗುತ್ತದೆ.

ಕೆಲ ವರ್ಷದ ಹಿಂದೆ ಒಂದು ಜುಲೈ ರಾತ್ರಿ ನಮ್ಮ ಕಡವಿನಲ್ಲಿ ಆದದ್ದನ್ನು ಹೇಳಬೇಕು. ಹೆರಿಗೆ ನೋವು ಬಂದ ಹೆಂಗಸನ್ನು ಕರಕೊಂಡು ನೆರೆಯವರ ಪೆಟ್ರೋಲ್ ಜೀಪು ಹೊರಟಿತ್ತು. ನೀರು ಮೊಣಕಾಲಿನಷ್ಟೂ ಇಲ್ಲ. ಆದರೆ ರೇಡಿಯೇಟರಿನ ಹಿಂದಿನ ಫ್ಯಾನು ನೀರನ್ನು ಎತ್ತಿ ಎಂಜಿನಿನ ಮೇಲೆ ಚೆಲ್ಲಿತು, ಕಿಡಿ ಹೋಯಿತು. ನಾನು ಈಚೆ ದಡದಲ್ಲಿ ಟಾರ್ಚು ಹಿಡಿದು ನಿಂತಿದ್ದೆ. ‘ಒಂದನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಸೆಲ್ಫ್ ಹೊಡೆಯಿರಿ ಮಾರಾಯ್ರೆ’ ಎಂದು ಕೂಗಿದೆ. ಲೋ ಗೇರಿನಲ್ಲಿ ಸೆಲ್ಫ್ ಮೋಟರೇ ಜೀಪನ್ನು ಕುಂಟಿಸುತ್ತಾ, ನಿಲ್ಲಿಸಿ ನಿಲ್ಲಿಸಿ, ಹತ್ತು ಹನ್ನೆರಡು ಮಾರು ಎಳೆದು ದಡ ಸೇರಿಸಿತು. ತಾಯಿ ಮಗು ಕ್ಷೇಮ.

ಈ ಉಪಾಯ ಕಿಡಿ ಮಾತ್ರ ಹೋದಾಗ ಮಾಡುವಂಥದ್ದು. ಎಂಜಿನ್ ನೀರು ಕುಡಿದು ನಿಂತಿದ್ದರೆ ಸೆಲ್ಫ್ ಮುಟ್ಟಲೇ ಬಾರದು. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಡೀಸೆಲಿನಲ್ಲಿ ಈ ಭಯ ಇನ್ನೂ ಜಾಸ್ತಿ.

ಸೆಲ್ಫ್ ಮೋಟರು ಇರುವುದು ಎಂಜಿನಿನ ತಳಮಟ್ಟದಲ್ಲಿ, ಎಲ್ಲಕ್ಕಿಂತ ಮೊದಲು ಮುಳುಗುವ ಜಾಗದಲ್ಲಿ. ಅದಕ್ಕೆ ಗ್ರೀಸೂ ತುಂಬಲಾಗದು, ಪೈಪೂ ಕೊಡಲಾಗದು. ಒಳಗೆ ಹೋಗುವ ನೀರಿಗಿಂತ ನೀರಿನ ಜೊತೆ ಬರುವ ನುಣುಪು ಮಣ್ಣು ಅದಕ್ಕೆ ಶತ್ರು. ಬುಷ್ ತಿನ್ನುತ್ತದೆ, ಪಿನಿಯನ್ ಜಾರದಂತೆ ಹಿಡಿಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಬಿಚ್ಚಿಸಿ ತೊಳೆಸಿ ಬ್ರಷ್ ನೋಡಿಸುವುದೇ ದಾರಿ. ಡೈನಮೋ ಇಲ್ಲವೇ ಆಲ್ಟರ್ನೇಟರಿನದ್ದೂ ಇದೇ ಪಾಡು. ಅವು ಒದ್ದೆಯಾದ ತಕ್ಷಣ ಸಾಯುವುದಿಲ್ಲ, ಕೆಸರಿನಿಂದ ದಿನಾ ಸ್ವಲ್ಪ ಸವೆಯುತ್ತವೆ.

ಈಗ ವಯರಿನ ಜಾಯಿಂಟು. ನನ್ನ ಅನುಭವದಲ್ಲಿ ಜೀಪು ಕೈಕೊಡುವುದು ಹೊಳೆ ದಾಟಿದ ದಿನ ಅಲ್ಲ, ತಿಂಗಳ ಮೇಲೆ. ಎರಡು ವಯರು ತಿರುಚಿ ಟೇಪು ಸುತ್ತಿದರೆ ಟೇಪಿನಡಿ ನೀರು ನಿಲ್ಲುತ್ತದೆ. ದೀಪದ ಬತ್ತಿ ಎಣ್ಣೆ ಎಳೆದಂತೆ ತಾಮ್ರದ ಎಳೆಗಳು ಆ ನೀರನ್ನು ಪ್ಲಾಸ್ಟಿಕ್ಕಿನ ಒಳಗೆ ಉದ್ದಕ್ಕೂ ಎಳೆಯುತ್ತವೆ. ಬ್ಯಾಟರಿಯ ಪಾಸಿಟಿವ್ ಸದಾ ಹರಿಯುವ ವಯರಾದರೆ ಒದ್ದೆ ಮತ್ತು ಕರೆಂಟು ಸೇರಿ ತಾಮ್ರವನ್ನೇ ಕರಗಿಸಿ ಹಸಿರು ಕಿಲುಬು ಮಾಡುತ್ತವೆ. ಹೊರಗಿನಿಂದ ವಯರು ಗಟ್ಟಿಮುಟ್ಟು, ಒಳಗೆ ಪುಡಿ. ಮೆಕ್ಯಾನಿಕ್ ಟೆಸ್ಟ್ ಲ್ಯಾಂಪಿನ ಸೂಜಿಯನ್ನು ವಯರಿಗೆ ಚುಚ್ಚುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದೊಂದು ತೂತೂ ನೀರಿಗೆ ಬಾಗಿಲು.

ಒಳ್ಳೆಯ ಜಾಯಿಂಟು ಎಂದರೆ ಸರಿಯಾದ ಇಕ್ಕಳದಿಂದ ಅದುಮಿದ ಲಗ್, ಅದರ ಮೇಲೆ ಒಳಗೆ ಗೋಂದಿರುವ ಕುಗ್ಗುವ ಟ್ಯೂಬು. ಬಿಸಿ ಮಾಡಿದಾಗ ಟ್ಯೂಬು ಬಿಗಿದು ಗೋಂದು ಎರಡೂ ತುದಿಯಲ್ಲಿ ಇಣುಕಬೇಕು. ಗೋಂದಿಲ್ಲದ ಟ್ಯೂಬು ಬರೀ ಅಂದಕ್ಕೆ. ಸಿಲಿಕೋನ್ ಬಳಸಲೇಬೇಕಾದಲ್ಲಿ ಟ್ಯೂಬಿನ ಮೂತಿ ಮೂಸಿ ನೋಡಿ. ವಿನೆಗರಿನ ಹುಳಿ ವಾಸನೆ ಬಂದರೆ ಅದು ಬಾತ್‌ರೂಮಿಗೆ ಸರಿ, ವಯರಿಗಲ್ಲ. ಗಟ್ಟಿಯಾಗುವಾಗ ಅದು ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ ತನ್ನಿ.

ಅರ್ತ್ ವಯರನ್ನು ಮರೆಯುವವರೇ ಜಾಸ್ತಿ. ಎಂಜಿನಿನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ಹೋಗುವ ಪಟ್ಟಿಗಳನ್ನು ಕಳಚಿ, ಬಣ್ಣ ತುಕ್ಕು ಹೆರೆದು, ಲೋಹಕ್ಕೆ ಲೋಹ ತಾಗುವಂತೆ ಬಿಗಿದು ಮೇಲಿನಿಂದ ಗ್ರೀಸು ಹಚ್ಚಿ. ದೀಪ ಮಂಕು, ಸೆಲ್ಫ್ ನಿಧಾನ ಎಂಬ ಕಾಯಿಲೆಗಳಲ್ಲಿ ಎಷ್ಟೋ ಇಲ್ಲೇ ವಾಸಿಯಾಗುತ್ತವೆ. ಫ್ಯೂಸ್ ಬಾಕ್ಸು, ರಿಲೇಗಳು ಫೆಂಡರಿನ ಪಕ್ಕದಲ್ಲಿದ್ದರೆ ಡ್ಯಾಶ್‌ಬೋರ್ಡಿನ ಎತ್ತರಕ್ಕೆ ಏರಿಸಿ. ಅವುಗಳಿಗೆ ಹೋಗುವ ವಯರು ಒಮ್ಮೆ ಕೆಳಗೆ ಜೋಲಿ ಮೇಲೆ ಹತ್ತುವಂತಿರಲಿ, ನೀರು ಜೋಲಿನಲ್ಲೇ ತೊಟ್ಟಿಕ್ಕುತ್ತದೆ. ಬ್ಯಾಟರಿಗೆ ಒಂದು ಕಟ್-ಆಫ್ ಸ್ವಿಚ್ ಹಾಕಿಸಿ ರಾತ್ರಿ ಬಂದ್ ಮಾಡಿದರೆ ಕಿಲುಬು ಹಿಡಿಯುವುದು ತುಂಬಾ ಕಡಿಮೆ.

2010ರ ನಂತರ ಬಂದ ಥಾರ್‌ನಂಥ ಕಾಮನ್ ರೈಲ್ ಡೀಸೆಲ್ ಗಾಡಿಗಳನ್ನು ನಮ್ಮಲ್ಲೂ ಹಲವರು ಕೊಂಡಿದ್ದಾರೆ. ಅವು ಡೀಸೆಲೇ ಆದರೂ ಕಂಪ್ಯೂಟರ್ ಇಲ್ಲದೆ ಒಂದು ಸುತ್ತೂ ತಿರುಗವು. ಅವುಗಳ ಕನೆಕ್ಟರಿಗೆ ರಬ್ಬರ್ ಬಳೆ ಇರುತ್ತದೆ. ಬಿಚ್ಚಿದಾಗ ಆ ಬಳೆ ಹರಿಯದಂತೆ ನೋಡುವುದು, ಪ್ರೆಷರ್ ಪಂಪಿನ ನೀರನ್ನು ಅದರ ಮೇಲೆ ಬಿಡದಿರುವುದು ನಮ್ಮ ಕೆಲಸ. ವಯರು ಕಡಿದು ಹೆಚ್ಚುವರಿ ದೀಪ ಹಾಕಿಸುವುದು ಅವಕ್ಕೆ ಹೇಳಿದ್ದಲ್ಲ. 2020ರ ಥಾರ್‌ಗೆ ಕಂಪೆನಿ ಹೇಳುವ ನೀರಿನ ಆಳ 650 ಮಿ.ಮೀ., ಅಂದರೆ ಎರಡಡಿ ಚಿಲ್ಲರೆ. ಅದು ನಿಂತ ನೀರಿಗೆ ಹೇಳಿದ ಲೆಕ್ಕ ಎಂದೇ ತಿಳಿಯಿರಿ. ಹರಿಯುವ ನೀರು ಎರಡಡಿ ಇದ್ದರೆ ಹೆಚ್ಚಿನ ಗಾಡಿಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಸೆಳೆತದ ವೇಗ ಇಮ್ಮಡಿಯಾದರೆ ದೂಡುವ ಬಲ ನಾಲ್ಕು ಪಟ್ಟು. ಕಡವಿನಲ್ಲಿ ನಾನೊಂದು ಕಲ್ಲಿಗೆ ಬಿಳಿ ಬಣ್ಣ ಬಳಿದಿದ್ದೇನೆ. ಅದು ಮುಳುಗಿದ ದಿನ ಗಾಡಿ ಆಚೆಯೇ. ಹೋಗಲೇಬೇಕಾದವರನ್ನು ಸಂಕದ ಮೇಲೆ ನಡೆಸಿ, ಈಚೆ ಬೇರೆ ಗಾಡಿ ತರಿಸುವುದು. ವಯರಿಂಗ್ ಎಷ್ಟು ಚೆನ್ನಾಗಿದ್ದರೂ ಈ ಕಲ್ಲಿನ ಮಾತು ಮೀರುವುದಿಲ್ಲ.

ದಾಟುವ ಮೊದಲು ನಾಲ್ಕೈದು ನಿಮಿಷ ಜೀಪನ್ನು ನಿಲ್ಲಿಸಿ ತಣಿಯಲು ಬಿಡಿ, ಹಗಲಾದರೆ ಹೆಡ್‌ಲೈಟ್ ಆರಿಸಿ. ಬಿಸಿ ಗಾಜಿಗೆ ತಣ್ಣೀರು ಬಿದ್ದು ಒಡೆಯುವುದುಂಟು. ಪೆಟ್ರೋಲ್ ಗಾಡಿಯ ಗ್ರಿಲ್ಲಿನ ಮುಂದೆ ಒಂದು ಟರ್ಪಾಲು ತುಂಡು ಕಟ್ಟಿದರೆ ಫ್ಯಾನಿಗೆ ಸಿಗುವ ನೀರು ಕಡಿಮೆಯಾಗುತ್ತದೆ. ದಾಟಿದ ಕೂಡಲೇ ಬಿಚ್ಚಿ, ಇಲ್ಲವಾದರೆ ಎಂಜಿನ್ ಕಾಯುತ್ತದೆ. ಲೋ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗಿ. ನಡುವೆ ಗೇರು ಬದಲಿಸಬೇಡಿ.

ಆಚೆ ದಡದಲ್ಲಿ ಬ್ರೇಕು ಒತ್ತಿ ಒತ್ತಿ ಒಣಗಿಸಿ. ವಾರಕ್ಕೊಮ್ಮೆ ಆಕ್ಸಿಲಿನ ಎಣ್ಣೆ ನೋಡಿ, ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ನನ್ನ ಸೀಟಿನಡಿ ಒಂದು ಹಳೆ ಬಿಸ್ಕತ್ತು ಡಬ್ಬ ಸದಾ ಇರುತ್ತದೆ. ಅದರಲ್ಲಿ ಒಣ ಬಟ್ಟೆ, ನೀರು ಓಡಿಸುವ ಸ್ಪ್ರೇ, ನಾಲ್ಕು ಫ್ಯೂಸು, ಒಂದು ಮಾರು ವಯರು, ಇಕ್ಕಳ. ಡಬ್ಬದ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಬಳೆ ಹಾಕಿದ್ದೇನೆ, ಒಳಗಿನ ಬಟ್ಟೆ ಒದ್ದೆಯಾದರೆ ಮತ್ತೆ ಅದು ಯಾವ ಉಪಯೋಗಕ್ಕೂ ಇಲ್ಲ.