ಅಕ್ಕನ ಗೊಜ್ಜು, ಕಾರ್ಡಿನ ಲೆಕ್ಕ

ಅಕ್ಕನ ಮನೆಯ ಒಂಟಿಕೊಪ್ಪಲ್ ಪಂಚಾಂಗದ ಅಂಚಿನಲ್ಲಿ ಹದಿನಾರು ಅಂಕಿ ಬರೆದಿತ್ತು. ಪಕ್ಕದಲ್ಲಿ ಇನ್ನೂ ಮೂರು. ಏನೆಂದು ಕೇಳಿದರೆ, ನ್ಯೂಜೆರ್ಸಿಯ ಹುಡುಗಿಯೊಬ್ಬಳ ಕ್ರೆಡಿಟ್ ಕಾರ್ಡ್ ನಂಬರಂತೆ. ಕುವೆಂಪುನಗರದಲ್ಲಿರುವ ಅಪ್ಪ-ಅಮ್ಮನಿಗೆ ಹುಳಿಯನ್ನದ ಗೊಜ್ಜು, ಚಟ್ನಿಪುಡಿ ಕಳಿಸಿ ಆಂಟಿ, ನಂಬರ್ ಬರ್ಕೊಳ್ಳಿ ಅಂದಳಂತೆ. ಅಕ್ಕ ಬರೆದುಕೊಂಡಿದ್ದಾಳೆ.

"ಇದನ್ನ ಕಂಪ್ಯೂಟರಿಗೆ ಹಾಕಿದ್ರೆ ದುಡ್ಡು ಬರುತ್ತೆ ತಾನೇನೋ?"

ಊರಿಗೆಲ್ಲ ಹಣಕಾಸಿನ ಬುದ್ಧಿ ಹೇಳುವವನ ಒಡಹುಟ್ಟಿದವಳು! ಅಮೆರಿಕದಲ್ಲಿ ಫೋನಿನಲ್ಲಿ ಕಾರ್ಡ್ ನಂಬರ್ ಹೇಳುವ ರೂಢಿ ಇದೆ. ಕಾರ್ಡಿನ ಹಿಂಬದಿಯ ಆ ಮೂರಂಕಿಯ ಸಿವಿವಿಯನ್ನು ಮಾತ್ರ ಯಾವ ವ್ಯಾಪಾರಿಯೂ ಬರೆದಿಟ್ಟುಕೊಳ್ಳುವಂತಿಲ್ಲ. ನಮ್ಮಲ್ಲಂತೂ 2022ರ ಅಕ್ಟೋಬರ್‌ನಿಂದ ದೊಡ್ಡ ದೊಡ್ಡ ಶಾಪಿಂಗ್ ತಾಣಗಳೂ ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ. ಪಂಚಾಂಗದ ಅಂಚನ್ನು ಕತ್ತರಿಸಿ ಒಲೆಗೆ ಹಾಕಿದೆ. ಅದರ ಹಿಂದೆ ಏಕಾದಶಿ ಇತ್ತೆಂದು ಬೈಸಿಕೊಂಡೆ.

ಆಮೇಲೆ ಪೇಮೆಂಟ್ ಕಂಪನಿಯೊಂದರಲ್ಲಿ ಖಾತೆ ತೆರೆದೆವು. ಪ್ಯಾನ್, ಆಧಾರ್, ಕರೆಂಟ್ ಅಕೌಂಟಿನ ಕ್ಯಾನ್ಸಲ್ ಮಾಡಿದ ಚೆಕ್ಕು ಕೊಟ್ಟದ್ದಾಯಿತು. ರಿಫಂಡ್ ಪಾಲಿಸಿಯೂ ಬೇಕೆಂದರು. "ತಿಂದ ಮೇಲೆ ವಾಪಸ್ ತಗೊಳ್ಳಲ್ಲ ಅಂತ ಬರಿ" ಅಂದಳು ಅಕ್ಕ. ಈಗ ಕಂಪ್ಯೂಟರಿನಲ್ಲಿ ಮೊತ್ತ ನಮೂದಿಸಿದರೆ ಒಂದು ಲಿಂಕ್ ಬರುತ್ತದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಗಿರಾಕಿಯೇ ತನ್ನ ನಂಬರ್ ಹಾಕುತ್ತಾನೆ. ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ. ಎರಡು ದಿನ ಬಿಟ್ಟು ದುಡ್ಡು ಖಾತೆಗೆ.

"ಬರೀ ಎರಡು ಪರ್ಸೆಂಟ್ ಸಾರ್" ಎಂದಿದ್ದ ಕಂಪನಿಯ ಹುಡುಗ. ಆ "ಬರೀ" ಎಷ್ಟೆಂದು ನೋಡಲು ಅಕ್ಕನ 3,000 ರೂಪಾಯಿಯ ಹಬ್ಬದ ಡಬ್ಬವನ್ನೇ ತೆಗೆದುಕೊಳ್ಳಿ. ಹುಣಸೆಹಣ್ಣು, ಕಡಲೆಕಾಯಿ ಎಣ್ಣೆ, ಕೊಬ್ಬರಿ, ಡಬ್ಬ, ಕೊರಿಯರ್, ಕೆಲಸದವಳ ಕೂಲಿ ಕಳೆದರೆ ಅವಳಿಗೆ ಉಳಿಯುವುದು 540. ಶೇ 2 ಎಂದರೆ 60 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 70 ರೂಪಾಯಿ 80 ಪೈಸೆ. (2,000 ರೂಪಾಯಿವರೆಗಿನ ಕಾರ್ಡ್ ಪಾವತಿಯಾದರೆ ಈ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ.) ಲಾಭದಲ್ಲಿ ಅದು ಶೇ 13. ಹೊರದೇಶದ ಕಾರ್ಡಿಗೆ ನಮ್ಮ ದರ ಶೇ 3. ಅಲ್ಲಿಗೆ 106 ರೂಪಾಯಿ 20 ಪೈಸೆ, ಹೆಚ್ಚುಕಡಿಮೆ ಲಾಭದ ಐದನೇ ಒಂದು ಪಾಲು. ಅಕ್ಕ ಜಿಎಸ್‌ಟಿ ನೋಂದಣಿಯ ಮಿತಿಯೊಳಗೇ ಇರುವುದರಿಂದ ಆ ತೆರಿಗೆಯನ್ನು ವಾಪಸ್ ಪಡೆಯುವ ದಾರಿಯೂ ಇಲ್ಲ. ಮಾರಾಟದ ಬೆಲೆಯ ಪಕ್ಕದಲ್ಲಿಟ್ಟರೆ ಸಣ್ಣದಾಗಿ ಕಾಣುವ ಶುಲ್ಕವನ್ನು ಉಳಿಕೆಯ ಪಕ್ಕದಲ್ಲಿಟ್ಟು ನೋಡಬೇಕು.

ದರಪಟ್ಟಿಯನ್ನು ಒಂದೊಂದೇ ಸಾಲು ಕೇಳಿಯೂ ನೋಡಬೇಕು. ನಮಗೆ ಮೊದಲು ಎಲ್ಲದಕ್ಕೂ ಒಂದೇ ದರ ಬರೆದಿದ್ದರು. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರ ಜನವರಿಯಿಂದ ಎಂಡಿಆರ್, ಅಂದರೆ ಪಾವತಿಗೆಂದು ವ್ಯಾಪಾರಿಯಿಂದ ಹಿಡಿಯುವ ಶುಲ್ಕ, ಇಲ್ಲ. ಬೇರೆ ಡೆಬಿಟ್ ಕಾರ್ಡ್‌ಗಳಲ್ಲಿ ವರ್ಷದ ವಹಿವಾಟು 20 ಲಕ್ಷದೊಳಗಿರುವ ವ್ಯಾಪಾರಿಯಿಂದ ಶೇ 0.40ಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ರಿಸರ್ವ್ ಬ್ಯಾಂಕಿನ ಮಿತಿ 2018ರಿಂದಲೇ ಇದೆ. ಇಷ್ಟು ಹೇಳಿದ ಮೇಲೆ ಪಟ್ಟಿ ತಾನಾಗಿ ಬದಲಾಯಿತು.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಹೋದ ದಸರೆಯ ಹೊತ್ತಿಗೆ ಗುರುತಿಲ್ಲದ ಒಬ್ಬರು ಹೊರದೇಶದ ಕಾರ್ಡಿನಲ್ಲಿ 18,400 ರೂಪಾಯಿಯ ಆರ್ಡರ್ ಕೊಟ್ಟರು, ನಾಳೆಯೇ ಬೇಕೆಂದರು. ಅಕ್ಕ ರಾತ್ರಿಯಿಡೀ ಕೋಡುಬಳೆ ಕರಿದಳು. ಒಂದೂವರೆ ತಿಂಗಳಾದ ಮೇಲೆ ಆ ಕಾರ್ಡಿನ ಯಜಮಾನ, ಇದು ನಾನು ಮಾಡಿದ ಖರೀದಿಯಲ್ಲ ಎಂದು ತನ್ನ ಬ್ಯಾಂಕಿಗೆ ದೂರು ಕೊಟ್ಟ. ಚಾರ್ಜ್‌ಬ್ಯಾಕ್ ಎನ್ನುತ್ತಾರೆ ಇದಕ್ಕೆ. ನಮ್ಮ ದೇಶದ ಕಾರ್ಡುಗಳಿಗೆ ಆನ್‌ಲೈನಿನಲ್ಲಿ 2009ರಿಂದ ಎರಡನೇ ದೃಢೀಕರಣ ಕಡ್ಡಾಯ, ಅದೇ ಈಗಿನ ಒಟಿಪಿ. ಹೊರಗಿನ ಕಾರ್ಡುಗಳಿಗೆ ಆ ಕಡ್ಡಾಯವಿಲ್ಲ. ಒಟಿಪಿಯಂಥದ್ದು ಇಲ್ಲದೆ ಆದ ಪಾವತಿಯ ನಷ್ಟ ಸಾಮಾನ್ಯವಾಗಿ ವ್ಯಾಪಾರಿಯ ತಲೆಗೇ. ಏಳು ದಿನದೊಳಗೆ ದಾಖಲೆ ಕೊಡಿ ಎಂದು ಇ-ಮೇಲ್ ಬಂದಿತ್ತು. ಅದು ನಾನೇ ತೆರೆದುಕೊಟ್ಟು ಮರೆತಿದ್ದ ಅಂಗಡಿಯ ವಿಳಾಸಕ್ಕೆ. ಒಂಬತ್ತನೇ ದಿನ ನೋಡಿದೆ. ಅಷ್ಟರಲ್ಲಿ ಮುಂದಿನ ಜಮೆಯಿಂದ ಪೂರ್ತಿ 18,400 ಮುರಿದುಕೊಂಡಿದ್ದರು. ಮೊದಲೇ ಹಿಡಿದುಕೊಂಡಿದ್ದ ಶುಲ್ಕವೂ ವಾಪಸ್ ಬರಲಿಲ್ಲ. ಕೊರಿಯರ್ ರಸೀದಿ ಎಲ್ಲಿ ಎಂದರೆ, ಅದರಲ್ಲಿ ಹುರಿಗಾಳಿನ ಪೊಟ್ಟಣ ಕಟ್ಟಿದ್ದಳು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಬ್ಯಾಂಕಿನಲ್ಲಿ ಹೆಚ್ಚು ದುಡ್ಡು ಕಂಡರೆ ತೆರಿಗೆಯವರು ಬರುತ್ತಾರೆಂಬ ದಿಗಿಲೂ ಅವಳಿಗಿತ್ತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಬೆಂಗಳೂರಿನ ಅಂಗಡಿಗಳಲ್ಲಿ "ನಗದು ಮಾತ್ರ" ಎಂದು ಬರೆದು ಅಂಟಿಸಿದ್ದನ್ನು ಟಿವಿಯಲ್ಲಿ ನೋಡಿದ್ದಳು. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ನಿನ್ನದು ಅದರ ಕಾಲುಭಾಗವೂ ಇಲ್ಲ ಎಂದು ಪುಸ್ತಕ ತೋರಿಸಿದ ಮೇಲೆ ಸುಮ್ಮನಾದಳು.

ಈಗ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಂಗಡಿಯ ಇ-ಮೇಲ್ ಅವಳೇ ತೆರೆಯುತ್ತಾಳೆ. ರಸೀದಿಗಳು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿವೆ. ಹೊರದೇಶದ ಕಾರ್ಡಿಗೆ ನೂರು ರೂಪಾಯಿ ಹೆಚ್ಚಿಸು ಎಂದರೆ, "ದೂರದಲ್ಲಿದ್ದಾರೆ ಅಂತ ಜಾಸ್ತಿ ತಗೊಳ್ಳೋದಾ?" ಎಂದು ನನ್ನನ್ನೇ ಗದರಿದಳು. ತನ್ನದೇ ಉಪಾಯ ಹುಡುಕಿಕೊಂಡಿದ್ದಾಳೆ. ನ್ಯೂಜೆರ್ಸಿಯಿಂದಲೋ ಲಂಡನ್ನಿನಿಂದಲೋ ಫೋನ್ ಬಂದರೆ ಮೊದಲು ಕೇಳುವುದು, "ಇಲ್ಲಿ ಬ್ಯಾಂಕ್ ಅಕೌಂಟ್ ಇಟ್ಕೊಂಡಿದ್ದೀಯ ಮಗು? ಯುಪಿಐ ಆಗುತ್ತಾ?" ಎನ್‌ಆರ್‌ಐ ಖಾತೆಯಿದ್ದರೆ ಅಲ್ಲಿನ ಮೊಬೈಲ್ ನಂಬರಿನಿಂದಲೇ ಆಗುತ್ತದೆಂಬುದು ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಮೊದಲು ಹಾಗೆ ಕಟ್ಟಿದವಳು ಪಂಚಾಂಗದ ಹುಡುಗಿಯೇ.