ಸರಮೆಯ ಮರಿ ಮಾಡಿದ ತಪ್ಪೇನು?

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಸೈಕಲ್ ಶೆಡ್ಡಿನ ಮೂಲೆಗೆ ಒಂದು ಬೀದಿನಾಯಿ ಬಂದು ಸೇರಿಕೊಂಡಿತು. ಮಧ್ಯಾಹ್ನ ಮಕ್ಕಳು ಕೈತೊಳೆಯುವ ನಳ್ಳಿಯ ಬಳಿ ಬಂದು ನಿಲ್ಲುವುದು, ಚೆಲ್ಲಿದ ಅನ್ನ ತಿನ್ನುವುದು, ಮತ್ತೆ ಹೋಗಿ ಮಲಗುವುದು. ಇಷ್ಟೇ ಅದರ ದಿನಚರಿ. ಒಂದು ದಿನ ಎಂಟನೆಯ ತರಗತಿಯ ಹುಡುಗನೊಬ್ಬ ಎಸೆದ ಕಲ್ಲು ಅದರ ಕಾಲಿಗೆ ಬಡಿಯಿತು. “ಯಾಕೆ ಹೊಡೆದೆ?” ಎಂದು ಕೇಳಿದೆ. “ಸುಮ್ಮನೆ, ಟೀಚರ್” ಎಂದ.

ಬೈದಿದ್ದರೆ ಮರುದಿನ ನನ್ನ ಕಣ್ಣು ತಪ್ಪಿಸಿ ಹೊಡೆಯುತ್ತಿದ್ದ. ಪ್ರಾಣಿದಯೆಯ ಉಪದೇಶಕ್ಕೆ ತೊಡಗಿದ್ದರೆ ತರಗತಿಯೇ ಆಕಳಿಸುತ್ತಿತ್ತು. ಆದುದರಿಂದ ಮರುದಿನ ಪಾಠವನ್ನು ಬದಿಗಿಟ್ಟು ಕತೆ ಹೇಳಿದೆ.

ಕಾಸರಗೋಡಿನ ಕಡೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದ ಮಕ್ಕಳಿಗೆ ಧರ್ಮರಾಯನ ಜೊತೆ ನಡೆದ ನಾಯಿಯ ಕತೆ ಗೊತ್ತು. ಆದರೆ ಆ ನಾಯಿ ಕೊನೆಯಲ್ಲಿ ಧರ್ಮದೇವತೆಯೇ ಆಗಿಬಿಡುತ್ತದೆ. ಶೆಡ್ಡಿನ ನಾಯಿ ನಾಯಿಯೇ ತಾನೇ? ಹಾಗಾಗಿ ನಾನು ಆರಿಸಿಕೊಂಡದ್ದು ಮಹಾಭಾರತದ ಆದಿಪರ್ವದಲ್ಲಿ ಬರುವ ಒಂದು ಚಿಕ್ಕ ಪ್ರಸಂಗ.

ಜನಮೇಜಯ ಮಹಾರಾಜ ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ಯಾಗ ಮಾಡುತ್ತಿದ್ದಾನೆ. ದೇವತೆಗಳ ನಾಯಿಯಾದ ಸರಮೆಯ ಮಗ ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತಾ ತಾಯಿಯ ಬಳಿಗೆ ಹೋದಾಗ ಸರಮೆ ಮೊದಲು ಮರಿಯನ್ನೇ ಸಂಶಯಿಸುತ್ತಾಳೆ: ನೀನೇ ಏನೋ ತಪ್ಪು ಮಾಡಿರಬೇಕು. (ತಾಯಂದಿರು ಎಲ್ಲ ಕಾಲದಲ್ಲೂ ಹೀಗೆಯೇ!) ಇಲ್ಲ, ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ನೇರವಾಗಿ ಯಾಗಶಾಲೆಗೆ ಹೋಗಿ, ಏನೂ ಮಾಡದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರಿಂದ ಉತ್ತರವಿಲ್ಲ.

ಕತೆಯನ್ನು ಅಲ್ಲಿಗೇ ನಿಲ್ಲಿಸಿದೆ. “ಈಗ ತಮ್ಮಂದಿರ ಪರವಾಗಿ ನೀವು ಅರ್ಥ ಹೇಳಿ” ಎಂದೆ. ಒಬ್ಬ “ಯಾಗಶಾಲೆಗೆ ಮೈಲಿಗೆ” ಎಂದ. ಇನ್ನೊಬ್ಬ “ಹವಿಸ್ಸು ತಿನ್ನಬಹುದಿತ್ತು” ಎಂದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ತಿನ್ನಬಹುದು ಎಂದು ಹೊಡೆಯುವುದಾದರೆ, ಪರೀಕ್ಷೆ ಬರೆಯುವ ಮೊದಲೇ ನಮ್ಮನ್ನೂ ಫೇಲ್ ಮಾಡಬಹುದಲ್ಲ?” ಎಂದಳು. ಕಲ್ಲೆಸೆದ ಹುಡುಗ ಏನೂ ಮಾತನಾಡಲಿಲ್ಲ. ಅನಂತರವೇ ಸರಮೆಯ ಶಾಪವನ್ನು ಹೇಳಿದೆ: ತಪ್ಪಿಲ್ಲದವನನ್ನು ಹೊಡೆದ ನಿಮಗೆ ಕಾಣದ ಭಯವೊಂದು ಬರಲಿ.

ಹೆತ್ತವರಲ್ಲಿ ಒಂದು ಮಾತು. ಮನೆಯಲ್ಲಿ ಇಂತಹ ಕತೆ ಹೇಳುವಾಗ ಕೊನೆಗೆ ನೀತಿಯನ್ನು ಅಂಟಿಸಬೇಡಿ. ಪ್ರಶ್ನೆಯನ್ನು ಮಗುವಿಗೇ ಬಿಡಿ. ನಾಯಿ ಕಚ್ಚುವುದೇ ಇಲ್ಲ ಎಂಬ ಸುಳ್ಳನ್ನೂ ಹೇಳಬೇಡಿ. ಅದೇ ದಿನ ಒಬ್ಬಳು, “ನನ್ನ ತಮ್ಮನನ್ನು ನಾಯಿ ಕಚ್ಚಿದೆ. ನಾನೂ ಅದನ್ನು ಪ್ರೀತಿಸಬೇಕೇ?” ಎಂದು ಕೇಳಿದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಪ್ರೀತಿಸಲೇಬೇಕೆಂದಿಲ್ಲ, ಹಿಂಸಿಸದಿದ್ದರೆ ಸಾಕು ಎಂದೆ. ಕರುಣೆ ಎಂದರೆ ಮೈದಡವುವುದಲ್ಲ. ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬಾರದು. ನಾಯಿ ಎದುರಾದರೆ ಓಡದೆ, ಮೆಲ್ಲನೆ ಹಿಂದೆ ಸರಿಯಬೇಕು.

ಅವಳಿಗಾಗಿ ಇನ್ನೊಂದು ಕತೆಯನ್ನೂ ಹೇಳಿದೆ. 1885ರ ಜುಲೈ 6ರಂದು, ನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನನ್ನು ತಾಯಿ ಪ್ಯಾರಿಸ್ಸಿಗೆ, ಲೂಯಿ ಪಾಶ್ಚರರ ಬಳಿಗೆ ಕರೆತಂದಳು. ಅವರು ಸಿದ್ಧಪಡಿಸಿದ್ದ ಲಸಿಕೆಯನ್ನು ಕೊಡಿಸಿದರು, ಹುಡುಗ ಬದುಕಿದ. ಹುಚ್ಚುನಾಯಿ ರೋಗದ ಲಕ್ಷಣ ತೋರಿದ ಮೇಲೆ ಬದುಕುವುದು ಇಂದಿಗೂ ಅತಿ ವಿರಳ. ಆದುದರಿಂದ ನಾಯಿ ಕಚ್ಚಿದರೂ ಪರಚಿದರೂ ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡಬಾರದು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಸಿನ, ಸುಣ್ಣ, ಮೆಣಸಿನ ಪುಡಿ ಹಚ್ಚದೆ ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟೂ ಚುಚ್ಚುಮದ್ದನ್ನು ತಪ್ಪದೆ ಪೂರೈಸಬೇಕು.

ಒಂದು ವಾರ ಯಾವುದಾದರೂ ನಾಯಿಯನ್ನು ದೂರದಿಂದ ನೋಡಿ, ಅದರ ಒಂದು ದಿನವನ್ನು ಬರೆಯಿರಿ ಎಂದು ಮಕ್ಕಳಿಗೆ ಮನೆಗೆಲಸ ಕೊಟ್ಟೆ. ಕೆಲವರು ಎರಡು ಪುಟ ತುಂಬಿಸಿದ್ದರು. ಕಲ್ಲೆಸೆದ ಹುಡುಗ ಬರೆದದ್ದು ಮೂರೇ ವಾಕ್ಯ: “ಶೆಡ್ಡಿನ ನಾಯಿ ಈಗ ಊಟಕ್ಕೆ ನಳ್ಳಿಯ ಬಳಿ ಬರುವುದಿಲ್ಲ. ಎಲ್ಲರೂ ಕ್ಲಾಸಿಗೆ ಹೋದ ಮೇಲೆ ಬಂದು ತಿನ್ನುತ್ತದೆ. ನನ್ನನ್ನು ಕಂಡರೆ ಎದ್ದು ಹೋಗುತ್ತದೆ.”